ಬೇಲಿ ಮೇಯುವ ನೆಲ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಮಾತು ಕನ್ನಡಿಗರಿಗೆಲ್ಲ ಗೊತ್ತಿರುವುದೇ. ಆದರೆ ಮರದ ಬೇಲಿಯ ಮಟ್ಟಿಗೆ ಈ ಗಾದೆ ತಿರುಗುಮುರುಗಾಗುತ್ತದೆ. ಅಲ್ಲಿ ಮೇಯುವುದು ನೆಲ, ಮೇಯಿಸಿಕೊಳ್ಳುವುದು ಬೇಲಿ. ಗಟ್ಟಿಮುಟ್ಟಾದ ಮರದ ಗೂಟವೊಂದನ್ನು ಮಣ್ಣಿನಲ್ಲಿ ಹೂತು ನಾಲ್ಕು ಮಳೆಗಾಲ ಬಿಟ್ಟು ಅಲುಗಾಡಿಸಿ ನೋಡಿದರೆ ಸಾಕು. ಮೇಲಿನ ಮೂರು ಅಡಿ ನೆಟ್ಟ ದಿನ ಇದ್ದಂತೆಯೇ ಇರುತ್ತದೆ. ನೆಲದ ಮಟ್ಟಕ್ಕೆ ಬಂದಾಗ ಲಟಕ್ಕೆಂದು ಮುರಿಯುತ್ತದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಬೀದಿಗಳಲ್ಲಿ ಕಣ್ಣುಬಿಟ್ಟು ನಡೆದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಅಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳಲ್ಲಿ ಮರಕ್ಕೆ ಕೊರತೆಯಿಲ್ಲ. ಮರದ ಗೇಟು, ಜಗುಲಿಯ ಮುಂದೆ ಮರದ ಕಟಾಂಜನ, ಓರೆಪಟ್ಟಿಗಳನ್ನು ಹೆಣೆದ ಜಾಲರಿ, ಕಿಟಕಿಯ ನೆತ್ತಿಯ ಮೇಲೆ 'ಮಂಕಿ ಟಾಪ್' ಎಂದು ಕರೆಯುವ ಮರದ ಚಿತ್ತಾರದ ಮುಂಚಾಚು. ಆದರೆ ನೆಲದಲ್ಲಿ ಹೂತ ಮರದ ಕಂಬ ಮಾತ್ರ ಹುಡುಕಿದರೂ ಸಿಕ್ಕುವುದು ಅಪರೂಪ. ಗೇಟಿನ ಎರಡು ಮಗ್ಗುಲ ಕಂಬಗಳು ಕಲ್ಲು. ಬೇಲಿಯ ಕಂಬಗಳೂ ಕಲ್ಲು. ಮರವೆಲ್ಲ ನೆಲದಿಂದ ಮೇಲೆ ತೂಗಿಕೊಂಡಿದೆ, ಇಲ್ಲವೇ ಕಲ್ಲಿನ ಮೇಲೆ ಕೂತಿದೆ. ಇದು ಅಂದಚೆಂದಕ್ಕಾಗಿ ಮಾಡಿದ ಏರ್ಪಾಡಲ್ಲ. ಈ ಊರಿನ ಮಣ್ಣು ಮರವನ್ನು ಏನು ಮಾಡುತ್ತದೆಂಬುದನ್ನು ಕಂಡುಂಡವರ ಏರ್ಪಾಡು.

ಮರ ಕೊಳೆಯುವುದಕ್ಕೆ ವಯಸ್ಸು ಕಾರಣವಲ್ಲ. ಅದನ್ನು ತಿನ್ನುವವರು ಇದ್ದಾರೆ: ಒಂದು ಕಡೆ ಶಿಲೀಂಧ್ರ, ಇನ್ನೊಂದು ಕಡೆ ಗೆದ್ದಲು. ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮರದೊಳಗಿನ ತೇವಾಂಶ ನೂರಕ್ಕೆ 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ಆದ್ದರಿಂದಲೇ ಮನೆಯೊಳಗಿನ ತೊಲೆ ತಲೆಮಾರುಗಳ ಕಾಲ ಬಾಳುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿ ಸಿಗದ ಕಾರಣ ಅದೂ ಬಹುಕಾಲ ನಿಲ್ಲುತ್ತದೆ. ವೆನಿಸ್ ನಗರದ ಕಟ್ಟಡಗಳು ನಿಂತಿರುವುದು ಕೆಸರಿನಲ್ಲಿ ಹೊಡೆದ ಮರದ ಕಂಬಗಳ ಮೇಲೆಯೇ. ನೀರು, ಗಾಳಿ ಎರಡೂ ಹದವಾಗಿ ಸೇರುವ ಜಾಗವೆಂದರೆ ನೆಲದ ಮಟ್ಟ, ಅಂದರೆ ಮಣ್ಣಿನಿಂದ ಅರ್ಧ ಅಡಿ ಕೆಳಗೆ, ಎರಡು ಮೂರು ಅಂಗುಲ ಮೇಲೆ. ಬೇಲಿಯ ಆಯುಸ್ಸು ತೀರ್ಮಾನವಾಗುವುದು ಇಷ್ಟೇ ಜಾಗದಲ್ಲಿ.

ಬೆಂಗಳೂರಿನ ಹವೆಯನ್ನು ಎಲ್ಲರೂ ಹೊಗಳುತ್ತಾರೆ. ಶಿಲೀಂಧ್ರಕ್ಕೂ ಅದು ಇಷ್ಟವೇ. ವರ್ಷದ ಮಳೆ ನೂರು ಸೆಂಟಿಮೀಟರಿಗೆ ಕೊಂಚ ಕಡಿಮೆಯಾದರೂ ಅದು ಒಂದೇ ಸಲ ಸುರಿದು ಹೋಗುವಂಥದಲ್ಲ. ಮೇ ತಿಂಗಳ ಗುಡುಗುಮಳೆಯಿಂದ ಹಿಡಿದು ಹಿಂಗಾರಿನ ಅಕ್ಟೋಬರ್, ನವೆಂಬರ್‌ವರೆಗೆ ಎಳೆದಾಡುತ್ತದೆ. ಮಣ್ಣು ಅರ್ಧ ವರ್ಷ ಹಸಿಯಾಗಿಯೇ ಇರುತ್ತದೆ, ಆದರೆ ಕೆರೆಯಂತೆ ನೀರು ನಿಲ್ಲುವುದಿಲ್ಲ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಮಳೆಹುಳುಗಳು, ಹಳ್ಳಿಯವರ ಬಾಯಲ್ಲಿ ಈಸಲು, ರೆಕ್ಕೆ ಬಂದ ಗೆದ್ದಲುಗಳೇ. ಅವು ಹೊರಟ ಗೂಡು ಬಹುಶಃ ಹಿತ್ತಿಲಲ್ಲೇ ಎಲ್ಲೋ ಇರುತ್ತದೆ.

ಒಣಮರದ ಬೇಲಿ ಈ ನಾಡಿಗೆ ಹೊಂದುವುದಿಲ್ಲವೆಂಬುದು ಹಳಬರಿಗೆ ಗೊತ್ತಿತ್ತು. ಆದ್ದರಿಂದ ಅವರ ಬೇಲಿ ಜೀವಂತ ಬೇಲಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕಗಳ ಜೊತೆಗೆ ದಟ್ಟವಾದ ಮುಳ್ಳುಪೊದೆಯ ಬೇಲಿಯೂ ಇತ್ತು. ಹಳ್ಳಿಗಳಲ್ಲಿ ಕಳ್ಳಿ, ಕತ್ತಾಳೆ, ಲಕ್ಕಿಗಿಡ, ಆಡುಸೋಗೆಗಳನ್ನು ಸಾಲಾಗಿ ನೆಟ್ಟು ಹೊಲ ಕಾಯುತ್ತಿದ್ದರು. ಬೇರು ಬಿಟ್ಟ ಗೂಟವನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಮುಟ್ಟಿದರೂ ಪಕ್ಕದಲ್ಲಿ ಇನ್ನೊಂದು ಚಿಗುರು ಬರುತ್ತದೆ. ಮಲೆನಾಡಿನ ಉಣುಗೋಲನ್ನು ಕಂಡವರಿಗೆ ಇನ್ನೊಂದು ಉಪಾಯವೂ ನೆನಪಿರುತ್ತದೆ. ಗಳುಗಳನ್ನು ನೆಲಕ್ಕೆ ನೆಡದೆ, ಎರಡು ಕಂಬಗಳ ತೂತುಗಳೊಳಗೆ ಅಡ್ಡಡ್ಡಲಾಗಿ ತೂರಿಸುವ ಬಾಗಿಲದು. ಗಳು ಸವೆದರೆ ಹೊಸದನ್ನು ತೂರಿಸಿದರಾಯಿತು. ಕಂಬ ಕಲ್ಲಿನದಾದರೆ ಅದರ ಯೋಚನೆಯೇ ಇಲ್ಲ.

ಈ ಪಾಠವನ್ನು ಬ್ರಿಟಿಷರು ದುಬಾರಿಯಾಗಿ ಕಲಿತರು. ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಭಾರತದ ಉದ್ದಕ್ಕೂ ಎರಡು ಸಾವಿರ ಮೈಲಿಗೂ ಮೀರಿದ ಸುಂಕದ ಗಡಿಯನ್ನು ಹಾಕಿ, ಮೊದಮೊದಲು ಒಣಮುಳ್ಳನ್ನು ಒಟ್ಟಿ ಬೇಲಿ ಕಟ್ಟಿದರು. ಗೆದ್ದಲು, ಕಾಳ್ಗಿಚ್ಚು, ಬಿರುಗಾಳಿಗಳ ಪಾಲಾಗಿ ಅದನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾಯಿತು. 1860ರ ದಶಕದ ಕೊನೆಯಲ್ಲಿ ಸುಂಕದ ಕಮಿಷನರ್ ಆಗಿದ್ದ ಎ.ಒ. ಹ್ಯೂಮ್ ಒಣಬೇಲಿಯ ಬದಲು ಗಿಡಗಳನ್ನೇ ನೆಟ್ಟು ಬೆಳೆಸುವ ಕೆಲಸಕ್ಕೆ ಕೈಹಾಕಿದರು. ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಓಡಾಡಿದ ಹ್ಯೂಮ್ ಇವರೇ. 1879ರಲ್ಲಿ ಆ ಗಡಿಯನ್ನೇ ಕೈಬಿಡಲಾಯಿತು. ಬೇಲಿ ಕಾಡಾಯಿತು.

ಬೆಂಗಳೂರಿನ ಹೊಸ ಬಡಾವಣೆಗಳು ಹುಟ್ಟಿದ್ದು ಆ ಶತಮಾನದ ಕೊನೆಯ ದಶಕದಲ್ಲಿ. ಚಾಮರಾಜಪೇಟೆ 1892ರದು. 1898ರ ಆಗಸ್ಟಿನಲ್ಲಿ ಪ್ಲೇಗು ಊರಿಗೆ ಕಾಲಿಟ್ಟ ಮೇಲೆ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಅಗಲವಾದ ರಸ್ತೆ, ಹಿಂಬದಿಯಲ್ಲಿ ಜಾಡಮಾಲಿಗಳು ಓಡಾಡುವ ಓಣಿ, ಮನೆಯ ಸುತ್ತ ಬಿಟ್ಟ ಜಾಗ, ಗಾಳಿ ಬೆಳಕು. ಪೇಟೆಯ ಮನೆಗೆ ಬೇಲಿಯೇ ಬೇಕಿರಲಿಲ್ಲ, ಜಗುಲಿ ಇಳಿದರೆ ಬೀದಿ. ಈಗ ಮನೆಗೂ ಬೀದಿಗೂ ನಡುವೆ ಹೂಗಿಡದ ಅಂಗಳ ಬಂತು. ಅದಕ್ಕೊಂದು ಎಲ್ಲೆ ಬೇಕಾಯಿತು. ಬೀದಿ ದನಗಳು ದಾಸವಾಳವನ್ನೂ ಮಲ್ಲಿಗೆ ಬಳ್ಳಿಯನ್ನೂ ಮೇಯದಂತೆ ತಡೆದರೆ ಸಾಕಿದ್ದ, ಎದೆಮಟ್ಟದ, ಗಾಳಿಯಾಡುವ ಎಲ್ಲೆ.

ಕಲ್ಲಿಗೆ ದೂರ ಹೋಗಬೇಕಿರಲಿಲ್ಲ. ಬಸವನಗುಡಿ ನಿಂತಿರುವುದೇ ಬಂಡೆಯ ಮಗ್ಗುಲಲ್ಲಿ. ದೊಡ್ಡ ಬಸವಣ್ಣನ ವಿಗ್ರಹ, ಕಹಳೆ ಬಂಡೆ, ಆಚೆಗೆ ಲಾಲ್‌ಬಾಗಿನ ಬಂಡೆ ಎಲ್ಲವೂ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಒಂದೇ ಕಲ್ಲಿನ ಕುಲ. ಈ ಕಲ್ಲಿನ ಗುಣವೆಂದರೆ ಅದು ನೇರವಾಗಿ ಸೀಳುತ್ತದೆ. ಕಲ್ಲುಕುಟಿಗರು ಸಾಲಾಗಿ ಕುಳಿ ಕೊರೆದು, ಉಕ್ಕಿನ ಆಪುಗಳನ್ನಿಟ್ಟು ಸುತ್ತಿಗೆಯಿಂದ ಸರದಿಯಂತೆ ಬಡಿದರೆ ಹಾಸು ಹಾಸಾಗಿ ಬಿಡುತ್ತದೆ. ಹಾಗೆ ಸೀಳಿದ ಉದ್ದನೆಯ ಕಂಬವನ್ನು ಎರಡಡಿ ಆಳಕ್ಕೆ ಹೂತು ತಂತಿ ಎಳೆದರೆ ಬೇಲಿ. ಅಮೆರಿಕದಲ್ಲಿ ಜೋಸೆಫ್ ಗ್ಲಿಡನ್ 1874ರಲ್ಲಿ ಹಕ್ಕುಪತ್ರ ಪಡೆದ ಮುಳ್ಳುತಂತಿ ಅಲ್ಲಿನ ಹುಲ್ಲುಗಾವಲುಗಳಲ್ಲಿ ಮರದ ಗೂಟದ ಮೇಲೆ ಓಡಿತು. ಬೆಂಗಳೂರಿನ ಸುತ್ತಮುತ್ತ ಅದೇ ತಂತಿ ಕಲ್ಲಿನ ಕಂಬವನ್ನೇರಿತು. ಗೂಟ ಬದಲಿಸುವ ಮಾತೇ ಇಲ್ಲ, ತಂತಿ ತುಕ್ಕು ಹಿಡಿದಾಗ ಇನ್ನೊಂದು ಎಳೆದರಾಯಿತು.

ಕಲ್ಲು ಗೆದ್ದಲನ್ನು ತಡೆಯುತ್ತದೆಂದು ಅನೇಕರು ತಿಳಿದಿದ್ದಾರೆ. ಇದು ಅರ್ಧ ಸತ್ಯ. ಗೆದ್ದಲು ಕಲ್ಲನ್ನು ಕೊರೆಯಲಾರದು, ಆದರೆ ಅದರ ಮೇಲೆ ಹತ್ತಬಲ್ಲದು. ಬಿಸಿಲು, ಒಣಗಾಳಿ ತಾಳದ ಹುಳುವಾದ್ದರಿಂದ ಹತ್ತುವಾಗ ಮಣ್ಣಿನ ಸಣ್ಣ ಸುರಂಗ ಕಟ್ಟಿಕೊಂಡೇ ಹತ್ತಬೇಕು. ಮಣ್ಣಿನೊಳಗಿಂದ ಮರಕ್ಕೆ ನುಗ್ಗಿದರೆ ಯಾರ ಕಣ್ಣಿಗೂ ಬೀಳದು, ಬೂದುಬಣ್ಣದ ಕಲ್ಲಿನ ಮೇಲೆ ಕೆಮ್ಮಣ್ಣಿನ ಗೆರೆ ಎಳೆದರೆ ಮನೆಯವರಿಗೆ ಕಾಣುತ್ತದೆ. ಪೊರಕೆಯಿಂದ ಕೆರೆದುಹಾಕಿದರೆ ಅಂದಿಗೆ ಮುಗಿಯಿತು. ಕಲ್ಲು ಕೊಡುವುದು ತಡೆಯನ್ನಲ್ಲ, ಮುನ್ಸೂಚನೆಯನ್ನು.

ಇದರ ದೊಡ್ಡ ನಿದರ್ಶನ ಚಾಮರಾಜಪೇಟೆಗೆ ಹತ್ತಿರದಲ್ಲೇ ಇದೆ. ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆಯನ್ನು ಹೈದರಾಲಿ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಪೂರೈಸಿದ. ಕಂಬ, ಕಮಾನು, ಉಪ್ಪರಿಗೆ ಎಲ್ಲ ತೇಗದ ಕೆಲಸ. ಪ್ರವಾಸಿಗರು ಕತ್ತೆತ್ತಿ ಬಣ್ಣ ನೋಡಿ ಹೋಗುತ್ತಾರೆ, ಬಗ್ಗಿ ಕಂಬದ ಬುಡ ನೋಡುವವರು ಕಡಿಮೆ. ಪ್ರತಿ ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಒಂದೂ ಮಣ್ಣು ಮುಟ್ಟಿಲ್ಲ. ಮೇಲೆ ಮಾಡು, ಕೆಳಗೆ ಕಲ್ಲು. ಇನ್ನೂರಮೂವತ್ತು ವರ್ಷ ದಾಟಿದರೂ ಅವು ನಿಂತಿರುವ ಗುಟ್ಟಿನಲ್ಲಿ ತೇಗದ ಪಾಲೆಷ್ಟೋ ಈ ಎರಡರ ಪಾಲೂ ಅಷ್ಟೇ.

ಬಡಾವಣೆಗಳ ಬಡಗಿಗಳು ಮಾಡಿದ್ದು ಇದರದೇ ಪುಟ್ಟ ನಕಲು. ಕಟಾಂಜನದ ಅಳಿಗಳು ಜಗುಲಿಯ ಕಲ್ಲಿನ ಅಂಚಿಗಿಂತ ಮೇಲೆ ಅಡ್ಡಪಟ್ಟಿಯೊಂದರಲ್ಲಿ ಕೂರುತ್ತಿದ್ದವು. ಮೇಲೆ ಮಂಗಳೂರು ಹೆಂಚಿನ ಮಾಡು ಎರಡು ಮೂರಡಿ ಮುಂದೆ ಚಾಚಿ ಎರಚಲನ್ನು ತಡೆಯುತ್ತಿತ್ತು. ಮಂಕಿ ಟಾಪ್ ಹೆಸರಿನ ಬಗ್ಗೆ ಹಲವು ಕಥೆಗಳಿವೆ, ಮಂಗಗಳು ಒಪ್ಪುತ್ತವೋ ಇಲ್ಲವೋ. ಅದರ ಕೆಲಸ ಮಾತ್ರ ಸ್ಪಷ್ಟ. ಬಿಸಿಲು, ಎರಚಲು ಎರಡನ್ನೂ ತಾನು ತಿಂದು ಕಿಟಕಿಯನ್ನು ಉಳಿಸುವುದು. ಅದರ ತೆಳುಪಟ್ಟಿಗಳ ಕೆಳತುದಿಯನ್ನು ಚೂಪಾಗಿ ಕತ್ತರಿಸಿರುವುದು ಬರೀ ಅಲಂಕಾರವೆಂದು ಕಾಣುತ್ತದೆ. ನೀರು ಆ ಮೊನೆಗೆ ಇಳಿದು ತೊಟ್ಟಿಕ್ಕಿ ಹೋಗುತ್ತದೆ. ಚಪ್ಪಟೆ ತುದಿಯಾಗಿದ್ದರೆ ಅಲ್ಲೇ ನಿಂತು ಹೀರಿಕೊಳ್ಳುತ್ತಿತ್ತು.

ಹೀಗಿದ್ದರೂ ಯಾವ ಮರ ಎಷ್ಟು ಕಾಲ ಬಾಳುತ್ತದೆಂಬ ಲೆಕ್ಕ ಬೇಕೇ ಬೇಕಲ್ಲ. ಆ ಲೆಕ್ಕ ಹಾಕುವ ಸಂಸ್ಥೆ ಮಲ್ಲೇಶ್ವರದಲ್ಲೇ ಇದೆ ಎಂಬುದು ಅಲ್ಲಿನ ಎಷ್ಟೋ ನಿವಾಸಿಗಳಿಗೇ ತಿಳಿಯದು. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿತು. ಮುಂದೆ ಅದು ಕೇಂದ್ರ ಸರ್ಕಾರಕ್ಕೆ ಸೇರಿ, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಹದಿನೆಂಟನೇ ಅಡ್ಡರಸ್ತೆಯಲ್ಲಿ ಅದರ ಆವರಣವಿದೆ. ಮರದ ಬಾಳಿಕೆಯನ್ನು ಅಳೆಯಲು ವಿಜ್ಞಾನಿಗಳು ಬಳಸುವ ವಿಧಾನ ರೈತನ ವಿಧಾನಕ್ಕಿಂತ ಬಹಳ ಬೇರೆಯಲ್ಲ. ಒಂದೇ ಅಳತೆಯ ಗೂಟಗಳನ್ನು ಗೆದ್ದಲಿರುವ ಬಯಲಿನಲ್ಲಿ ಸಾಲಾಗಿ ಅರ್ಧ ಹೂತು, ಕಾಲಕಾಲಕ್ಕೆ ಕಿತ್ತು ನೋಡಿ ಗುರುತು ಹಾಕುವುದು. ಸಾಲು ಗೂಟಗಳ ಆ ನೋಟದಿಂದ ಅದಕ್ಕೆ 'ಸ್ಮಶಾನ ಪರೀಕ್ಷೆ' ಎಂದೇ ಹೆಸರು ಬಿದ್ದಿದೆ.

ಇಂಥ ಪರೀಕ್ಷೆಗಳ ಆಧಾರದ ಮೇಲೆ ಭಾರತದ ಮರಗಳನ್ನು ಮೂರು ವರ್ಗ ಮಾಡಿದ್ದಾರೆ. ಹೂತ ಗೂಟ ಸರಾಸರಿ 120 ತಿಂಗಳು, ಅಂದರೆ ಹತ್ತು ವರ್ಷ ದಾಟಿದರೆ ಮೊದಲ ವರ್ಗ. 60ರಿಂದ 120 ತಿಂಗಳಾದರೆ ಎರಡನೆಯದು. ಐದು ವರ್ಷವೂ ತಾಳದಿದ್ದರೆ ಮೂರನೆಯದು. ತೇಗ, ಬೀಟೆ, ಹೊನ್ನೆಗಳು ಮೊದಲ ವರ್ಗದವು. ಮಾವು, ಬೂರುಗ ಕೊನೆಯವು. ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದಾಗಿ, ಅತ್ಯುತ್ತಮ ಮರವೆಂದರೂ ಮಣ್ಣಿನಲ್ಲಿ ಹೂತಾಗ ಲೆಕ್ಕ ಶುರುವಾಗುವುದು ಹತ್ತು ವರ್ಷದಿಂದ. ಅರಮನೆಯ ಕಂಬದ ಇನ್ನೂರು ಚಿಲ್ಲರೆ ವರ್ಷಕ್ಕೂ ಇದಕ್ಕೂ ಇರುವ ಅಂತರವೇ ಮಣ್ಣಿನ ಬೆಲೆ. ಎರಡನೆಯದಾಗಿ, ಈ ವರ್ಗಗಳು ಚೇಗಿಗೆ ಮಾತ್ರ ಅನ್ವಯಿಸುತ್ತವೆ. ತೊಗಟೆಗೆ ಹತ್ತಿದ ಬಿಳಿಯ ಭಾಗ ತೇಗದ್ದಾದರೂ ಸರಿ, ಮಾವಿನ ಹಣೆಬರಹವೇ ಅದಕ್ಕೂ. ತೋಟಕ್ಕೆ ಬೇಲಿ ಹಾಕುವವರು ಅಗ್ಗವೆಂದು ತರುವ ಸರ್ವೆ, ನೀಲಗಿರಿ ಗಳುಗಳು ಎಳೆಯ ಮರಗಳಾದ್ದರಿಂದ ಅವುಗಳಲ್ಲಿ ಚೇಗು ಕಡಿಮೆ. ಕೆಲವೇ ವರ್ಷಗಳಲ್ಲಿ ಅವು ನೆಲಮಟ್ಟದಲ್ಲಿ ಲಡ್ಡಾದರೆ ಆಶ್ಚರ್ಯವಿಲ್ಲ.

ಇಂಥ ಮರಕ್ಕೂ ಆಯುಸ್ಸು ತುಂಬುವ ಔಷಧವನ್ನು ಕಂಡುಹಿಡಿದವರು ಭಾರತೀಯರೇ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣಗಳನ್ನು ಬೆರೆಸಿದ ದ್ರಾವಣವನ್ನು ರೂಪಿಸಿದರು. ತಾಮ್ರ ಶಿಲೀಂಧ್ರಕ್ಕೆ ವಿಷ, ಆರ್ಸೆನಿಕ್ ಗೆದ್ದಲಿಗೆ. ಇವೆರಡೂ ಹಳೆಯ ಸಂಗತಿ. ಮಳೆಗೆ ತೊಳೆದುಹೋಗದಂತೆ ಅವನ್ನು ಮರದ ನಾರಿಗೇ ಕಟ್ಟಿಹಾಕಲು ಕ್ರೋಮಿಯಂ ಬಳಸಿದ್ದು ಕಾಮೇಶಂ ಅವರ ಹೊಸತನ. 'ಆಸ್ಕ್ಯು' ಎಂಬ ಹೆಸರಿನಲ್ಲಿ ಅದು ದೇಶದೇಶ ಸುತ್ತಿತು. ತಂತಿಕಂಬ, ವಿದ್ಯುತ್ ಕಂಬ, ಅಮೆರಿಕದ ಮನೆಮನೆಯ ಹಿತ್ತಿಲ ಬೇಲಿ ಎಲ್ಲೆಲ್ಲೂ ಅದರ ಹಸಿರುಛಾಯೆ ಕಾಣಿಸಿತು. ಆದರೆ ಆರ್ಸೆನಿಕ್ ಆರ್ಸೆನಿಕ್ಕೇ. ಅದು ಸ್ವಲ್ಪಸ್ವಲ್ಪವಾಗಿ ಮಣ್ಣಿಗಿಳಿಯುತ್ತದೆಂಬ ಆತಂಕದಿಂದ ಅಮೆರಿಕದಲ್ಲಿ 2003ರ ಕೊನೆಯಿಂದ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಯೂರೋಪಿನಲ್ಲೂ 2004ರಿಂದ ನಿರ್ಬಂಧ ಬಂತು. ಈ ಊರಿನ ಓದುಗರಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಹಳೆಯ ತಂತಿಕಂಬದ ತುಂಡೆಂದು ಕೊಂಡ ಸೌದೆಯನ್ನು ಬಚ್ಚಲ ಒಲೆಗೆ ಹಾಕಬಾರದು. ಅದರ ಹೊಗೆ, ಬೂದಿ ಎರಡೂ ವಿಷ.

ಇನ್ನು ಉಳಿದಿರುವ ಹಳೆಯ ಗೇಟು, ಕಟಾಂಜನಗಳ ವಿಷಯ. ಇವು ಹಾಳಾಗುವುದು ಮೈತುಂಬ ಅಲ್ಲ, ಮೂರು ಜಾಗಗಳಲ್ಲಿ. ಕೆಳಗಿನ ಅಡ್ಡಪಟ್ಟಿ, ಒಂದು ಪಟ್ಟಿಯ ನಾಲಗೆ ಇನ್ನೊಂದರ ತೂತಿಗೆ ಸೇರುವ ಸಂದು, ಮತ್ತು ಅಡ್ಡ ಕತ್ತರಿಸಿದ ತುದಿಗಳು. ಮರವಾಗಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸುತ್ತಿದ್ದ ಸಣ್ಣ ಕೊಳವೆಗಳ ಬಾಯಿ ತೆರೆದಿರುವುದು ಈ ತುದಿಗಳಲ್ಲೇ. ಮಗ್ಗುಲಿಗಿಂತ ಇಲ್ಲಿ ನೀರು ಎಷ್ಟೋ ಪಾಲು ಬೇಗ ಒಳಗಿಳಿಯುತ್ತದೆ. ಬಣ್ಣ ಬಳಿಯುವವರು ಕಣ್ಣಿಗೆ ಕಾಣುವ ಮುಖಕ್ಕೆ ಎರಡು ಕೋಟು ಹೊಡೆದು, ಗೇಟಿನ ಕೆಳಅಂಚಿಗೆ ಕುಂಚ ತಾಗಿಸದೆ ಎದ್ದು ಹೋಗುತ್ತಾರೆ. ಇದಕ್ಕಿಂತ ಹಾನಿಕರ ಕೆಲಸ ಇನ್ನೊಂದಿಲ್ಲ. ಕೆಳಗಿನಿಂದ ಹೀರಿದ ನೀರು ಮೇಲಿನ ಬಣ್ಣದ ಪದರ ದಾಟಿ ಹೊರಬರಲಾರದೆ ಒಳಗೇ ಉಳಿಯುತ್ತದೆ.

ಬೆಂಗಳೂರಿನ ಗೇಟಿಗೆ ವಿಶೇಷವಾದ ಎರಡು ಕಷ್ಟಗಳುಂಟು. ಒಂದು, ದಿನ ಬೆಳಗಾದರೆ ಬಾಗಿಲ ಮುಂದೆ ನೀರು ಹಾಕಿ ಗುಡಿಸಿ ರಂಗೋಲಿ ಇಡುವ ಪದ್ಧತಿ. ಮಳೆ ಬರಲಿ ಬಿಡಲಿ, ಗೇಟಿನ ಬುಡಕ್ಕೆ ವರ್ಷದ 365 ದಿನವೂ ಸ್ನಾನ. ಪದ್ಧತಿಯನ್ನು ಬಿಡಬೇಕಿಲ್ಲ, ನೀರು ಹಾಕುವಾಗ ಗೇಟನ್ನು ಒಳಗೆ ತೆರೆದಿಟ್ಟರೆ ಸಾಕು. ಇನ್ನೊಂದು ಕಷ್ಟ ರಸ್ತೆಯದು. ಹಳೆಯ ಡಾಂಬರನ್ನು ಕೆರೆಯದೆ ಮೇಲೆ ಮೇಲೆ ಹಾಕುತ್ತ ಬಂದ ಹಾಗೆಲ್ಲ ಬೀದಿ ಎತ್ತರವಾಗಿ, ಒಂದು ಕಾಲಕ್ಕೆ ನೆಲದಿಂದ ನಾಲ್ಕು ಬೆರಳು ಮೇಲೆ ತೂಗುತ್ತಿದ್ದ ಗೇಟುಗಳು ಮಣ್ಣು ಮುಟ್ಟಿವೆ. ನೂರು ವರ್ಷ ಕಲ್ಲಿನ ಕಂಬ ಎತ್ತಿ ಹಿಡಿದಿದ್ದ ಮರವನ್ನು ನೆಲವೇ ಮೇಲೆದ್ದು ಬಂದು ಹಿಡಿದಂತಾಯಿತು. ಕೀಲನ್ನು ಬಿಚ್ಚಿ ಗೇಟನ್ನು ಎರಡಂಗುಲ ಮೇಲೇರಿಸುವುದು, ಬುಡದಲ್ಲಿ ಸೇರಿದ ಮಣ್ಣು, ಎಲೆಕಸವನ್ನು ತೆಗೆಯುವುದು ಯಾವ ಬಣ್ಣಕ್ಕಿಂತಲೂ ಹೆಚ್ಚು ಪ್ರಯೋಜನಕಾರಿ.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಬಿಸಿಲಿನಲ್ಲಿ ಮರ ಚೆನ್ನಾಗಿ ಒಣಗಿದಾಗ ಸಣ್ಣ ಚಾಕುವಿನ ಮೊನೆಯಿಂದ ಸಂದುಗಳನ್ನು ಚುಚ್ಚಿ ನೋಡಬೇಕು. ಮೊನೆ ಸರಾಗ ಇಳಿದರೆ ಅಲ್ಲಿ ಲಡ್ಡು. ಗಟ್ಟಿಯಿದ್ದ ಜಾಗಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಕುಡಿಸಿ, ತುದಿಗಳಿಗೆ ಇನ್ನೂ ಒಂದು ಸಲ ಹೆಚ್ಚಾಗಿ ಕುಡಿಸಿ, ಒಣಗಿದ ಮೇಲೆ ಬಣ್ಣ ಹೊಡೆಯಬಹುದು. ಕರಾವಳಿಯ ಕಡೆ ಗೇರೆಣ್ಣೆ ಬಳಿಯುವ ರೂಢಿಯಿದೆ. ಗೆದ್ದಲಿಗೆ ಅದು ಸೇರದು, ಆದರೆ ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ, ಮಕ್ಕಳು ಕೈಯಿಡುವ ಗೇಟಿಗೆ ಹೇಳಿಸಿದ್ದಲ್ಲ. ಕಂಬದ ಬುಡವನ್ನು ಬೆಂಕಿಯಲ್ಲಿ ಕರಿಮಾಡಿ ಹೂಳುವ ಹಳೆಯ ಉಪಾಯವನ್ನು ಅನೇಕರು ನಂಬಿದ್ದಾರೆ. ಸುಟ್ಟಾಗ ಬೀಳುವ ಬಿರುಕುಗಳ ಮೂಲಕ ನೀರು ಒಳಗೆ ಹೋಗುವುದರಿಂದ ಅದರ ಫಲ ನಂಬಿಕೆಯಷ್ಟಿಲ್ಲ. ಹಳೆಯ ಬಣ್ಣವನ್ನು ತೆಗೆಯುವಾಗಲೂ ಎಚ್ಚರ ಬೇಕು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಮುಂಚಿನ ಪದರಗಳಲ್ಲಿ ಎಷ್ಟಿರುತ್ತದೆಂದು ಹೇಳುವವರಿಲ್ಲ. ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸದೆ, ಒದ್ದೆ ಮಾಡಿ ಕೆರೆದು, ಹೆರೆದದ್ದನ್ನು ಗುಡಿಸಿ ಕಟ್ಟಿ ಹೊರಹಾಕಬೇಕು.

ಇಷ್ಟೆಲ್ಲ ಯಾಕೆ, ಕಬ್ಬಿಣದ ಗೇಟು ಹಾಕಿದರೆ ತಂಟೆಯೇ ಇಲ್ಲವಲ್ಲ ಎಂದು ಮನೆಯವರು ಕೇಳುವುದುಂಟು. ಕಬ್ಬಿಣಕ್ಕೂ ಬಣ್ಣ ಬೇಕು, ಬೆಸುಗೆ ಹಾಕಿದ ಸಂದುಗಳಲ್ಲಿ ಅದೂ ತುಕ್ಕು ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಕುಂಚ ಹಿಡಿಯುವ ಕೆಲಸ ಎರಡರಲ್ಲೂ ತಪ್ಪಿದ್ದಲ್ಲ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ನೂರು ವರ್ಷದ ಹಿಂದೆ ಈ ಗೇಟುಗಳಿಗೆ ಬಂದದ್ದು ಕಾಡಿನಲ್ಲಿ ನಿಧಾನವಾಗಿ ಬೆಳೆದ ಮುದಿ ತೇಗ, ಬಹುಪಾಲು ಚೇಗೇ. ಇಂದು ಅಂಗಡಿಯಲ್ಲಿ ಸಿಕ್ಕುವ ನೆಡುತೋಪಿನ ಎಳೆಯ ತೇಗದಲ್ಲಿ ಬಿಳಿಯ ಭಾಗ ಹೆಚ್ಚು, ಅದರ ಚೇಗಿಗೂ ಆ ತಾಳಿಕೆಯಿಲ್ಲ. ಹೆಸರು ಒಂದೇ, ಮರ ಒಂದೇ ಅಲ್ಲ. ಹಳೆಯ ಗೇಟನ್ನು ಎಸೆದು ಹೊಸ ತೇಗದ್ದನ್ನು ಮಾಡಿಸಿದವರು ಹಣ ಕೊಟ್ಟು ಕಡಿಮೆ ಮರವನ್ನು ತಂದುಕೊಂಡಿರುತ್ತಾರೆ.

ಇದನ್ನು ಚೆನ್ನಾಗಿ ಬಲ್ಲವರು ಹಳೆಯ ಮರದ ವ್ಯಾಪಾರಿಗಳು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಮನೆಯೊಂದನ್ನು ಕೆಡವುವ ಸುದ್ದಿ ಬಂದರೆ ಅವರು ಬಾಗಿಲು, ಕಿಟಕಿ, ತೊಲೆಗಳ ಜೊತೆ ಗೇಟನ್ನೂ ಕಟಾಂಜನವನ್ನೂ ಲಾರಿಗೇರಿಸುತ್ತಾರೆ. ಹತ್ತಾರು ಪದರ ಬಣ್ಣದ ಕೆಳಗೆ ಕೀಸುಳಿ ಒಂದು ಸಲ ಎಳೆದಾಗ ಹೊನ್ನಿನ ಬಣ್ಣದ ತೇಗ ಎಣ್ಣೆಯ ವಾಸನೆಯೊಡನೆ ಹೊರಬರುತ್ತದೆ. ಅದನ್ನು ಸೀಳಿ ಮೇಜು ಕುರ್ಚಿ ಮಾಡಿ ಮಾರುತ್ತಾರೆ. ಮನೆಯ ಯಜಮಾನರು ಲಡ್ಡೆಂದು ಕೊಟ್ಟ ಗೇಟಿನಲ್ಲಿ ನಿಜವಾಗಿ ಕೆಟ್ಟಿದ್ದು ಕೆಳಗಿನ ಒಂದು ಅಡ್ಡಪಟ್ಟಿ, ಇಲ್ಲವೇ ಅಳಿಗಳ ಕೊನೆಯ ನಾಲ್ಕಂಗುಲ. ಕೆಟ್ಟ ಭಾಗವನ್ನು ಓರೆಯಾಗಿ ಕತ್ತರಿಸಿ, ಅದೇ ಓರೆಯ ಹಳೆಯ ತೇಗದ ತುಂಡನ್ನು ಜೋಡಿಸಿ, ನೀರು ಹೊರಗೆ ಇಳಿಯುವಂತೆ ಸಂದನ್ನು ಇಳಿಜಾರಾಗಿ ಇಟ್ಟು ಬಿದಿರುಮೊಳೆ ಹೊಡೆಯುವುದು ಕಸುಬು ಬಲ್ಲ ಬಡಗಿಗೆ ಒಂದೆರಡು ದಿನದ ಕೆಲಸ. ಕಲ್ಲಿನ ಕಂಬದಲ್ಲಿ ಹಳೆಯ ಕೀಲಿನ ಕೊಂಡಿ ಸೀಸ ಹೊಯ್ದು ಕೂರಿಸಿದ್ದು ಇನ್ನೂ ಅಲುಗಾಡದೆ ಇರುತ್ತದೆ. ದುರಸ್ತಿಯಾದ ಗೇಟನ್ನು ಅದಕ್ಕೇ ಮತ್ತೆ ನೇತುಹಾಕಬಹುದು, ಈ ಸಲ ರಸ್ತೆಯಿಂದ ನಾಲ್ಕು ಬೆರಳು ಮೇಲೆ.